ಶನಿವಾರದ ಸುದ್ದಿ ತಾಸು

ಕಳೆದ ತಿಂಗಳು ಮುಧೋಳದಿಂದ ಒಬ್ಬ ಹುಡುಗಿ ಫೋನು ಮಾಡಿದ್ದಳು. ಹೊಸದಾಗಿ ಪ್ರಾಥಮಿಕ ಶಾಲೆಗೆ ಶಿಕ್ಷಕಿಯಾಗಿ ಸೇರಿದವಳು, ನನ್ನ ಗುರುತಿನವರ ಸೊಸೆ.

"ಅಕ್ಕೋರ, ನಮಗ ಮಾಧ್ಯಮ ಸಾಕ್ಷರತೆ ಅಂತ ತರಬೇತಿ ಕೊಡಾಕತ್ತಾರ್ರಿ. ಪೇಪರಿನ್ಯಾಗ, ಟಿವ್ಯಾಗ, ಮೊಬೈಲಿನ್ಯಾಗ ಬರೂದು ಖರೇನೋ ಖೊಟ್ಟಿನೋ ನೋಡೂದನ್ನ ಸಣ್ಣ ಹುಡುಗರಿಗೆ ಕಲಿಸಬೇಕಂತ. ನೀವು ಮೊದಲಿಂದನೂ ಇದನ್ನ ಕಲಿಸಿದ್ರಂತಲ್ಲ, ಹೆಂಗ ಕಲಿಸಿದ್ರಿ?"

"ಹೆಂಗ ಕಲಿಸಬೇಕಂತ ಗೊತ್ತಿದ್ರ ಅಷ್ಟು ತಪ್ಪು ಮಾಡ್ತಿದ್ದಿಲ್ಲವ್ವಾ" ಅಂದೆ. ಅವಳು ನಕ್ಕಳು. ನಾನು ಚೇಷ್ಟೆಗೆ ಹೇಳಿರಲಿಲ್ಲ.

ಫೋನಿನಲ್ಲಿ ಮುಗಿಯುವ ಮಾತಲ್ಲವೆಂದು ಬರೆಯಲು ಕೂತಿದ್ದೇನೆ. ಬಡ್ತಿ, ಸನ್ಮಾನ, ಶಾಲು-ಹಾರದ ಕಥೆಯನ್ನು ನನ್ನ ಹತ್ತಿರ ಕೇಳಬೇಡಿ. ಆ ಶಾಲುಗಳನ್ನು ಚಳಿಗಾಲದಲ್ಲಿ ಹೊದೆಯುತ್ತೇನೆ, ಅಷ್ಟೇ ಅವುಗಳ ಉಪಯೋಗ. ನಮ್ಮ ಕಾಲದಲ್ಲಿ ಈ ಕೆಲಸಕ್ಕೆ ಮಾಧ್ಯಮ ಸಾಕ್ಷರತೆ ಎಂಬ ದೊಡ್ಡ ಹೆಸರು ಇರಲಿಲ್ಲ. ಶನಿವಾರ ಮುಂಜಾನೆ ಸಾಲಿಯ ಕೊನೆಯ ತಾಸು ಅದಕ್ಕೆ ಮೀಸಲಿತ್ತು. ಹುಡುಗರು ಅದನ್ನು ಸುದ್ದಿ ತಾಸು ಅನ್ನುತ್ತಿದ್ದರು. ಈಗಲೂ ಶನಿವಾರ ಆ ಹೊತ್ತಿಗೆ ನನ್ನ ಕಿವಿ ಗಂಟೆಗಾಗಿ ಕಾಯುತ್ತದೆ. ಏನು ಮಾಡಲಿ, ಹಾಳು ಅಭ್ಯಾಸ.

ಬಾಗಲಕೋಟೆ ಹೊಸ ಜಿಲ್ಲೆಯಾದ ವರ್ಷ ನಾನು ನೌಕರಿಗೆ ಸೇರಿದೆ. ಜಮಖಂಡಿ ತಾಲ್ಲೂಕಿನಲ್ಲಿ, ತುಬಚಿ ಕಡೆಯ ಒಂದು ಹೊಳೆದಂಡೆಯ ಊರು. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿಯವರು ಓದಿ ಜಗಳಕ್ಕೆ ಬಂದಾರು. ನನ್ನ ತವರು ಬನಹಟ್ಟಿ, ಮಗ್ಗದ ಮನೆ. ಹೊಳೆಯನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅಲ್ಲಿಯೇ ಮೊದಲು. ಹೆಡ್‌ಮಾಸ್ತರರು ಸಾವಳಗಿಯ ಬಸಲಿಂಗಪ್ಪ ಗುರುಗಳು. ಬಿಳಿ ಧೋತರ, ಕರಿ ಟೊಪಿಗಿ, ಮೂಗಿನ ತುದಿಯಲ್ಲಿ ಕನ್ನಡಕ. ಸಿಟ್ಟು ಬಂದರೆ ದನಿ ಇನ್ನೂ ಮೆತ್ತಗಾಗುತ್ತಿತ್ತು. ಅದಕ್ಕೇ ನಾವೆಲ್ಲ ಹೆದರುತ್ತಿದ್ದೆವು.

ಸೇರಿದ ಹೊಸತು. ಮೂರನೇ ಇಯತ್ತೆಯಲ್ಲಿ ಭೂಗೋಳದ ಪಾಠ. ಒಬ್ಬ ಹುಡುಗ ಎದ್ದು ನಿಂತ.

"ಅಕ್ಕೋರ, ರೇಡಿಯೋದಾಗ ನಮ್ಮದು ಬಾಗಲಕೋಟಿ ಜಿಲ್ಲಾ ಅಂದ್ರರಿ. ನಕಾಶೆದಾಗ ಬಿಜಾಪುರ ಅಂತ ಐತಿ. ಇಬ್ಬರೊಳಗ ಸುಳ್ಳು ಯಾರು ಹೇಳ್ತಾರ್ರಿ?"

"ಕುಂದರಲೇ, ದೊಡ್ಡ ಶಾಣ್ಯಾ" ಎಂದು ಗದರಿಸಿ ಕೂರಿಸಿದೆ. ಉತ್ತರ ಗೊತ್ತಿಲ್ಲದಾಗ ನಾವು ಮಾಸ್ತರರು ಮಾಡುವ ಮೊದಲ ಕೆಲಸ ಅದು. ಮನೆಗೆ ಬಂದು ರೊಟ್ಟಿ ಬಡಿಯುವಾಗ ಅನಿಸಿತು, ಎಷ್ಟು ಚೆಂದದ ಪ್ರಶ್ನೆ ಕೇಳಿದ್ದ! ಮರುದಿನ ಅವನನ್ನೇ ನಕಾಶೆಯ ಮುಂದೆ ನಿಲ್ಲಿಸಿ, ಮೂಲೆಯಲ್ಲಿ ಅಚ್ಚಾದ ವರ್ಷವನ್ನು ಓದಿಸಿದೆ. ನಕಾಶೆ ಹಳೆಯದು, ರೇಡಿಯೋ ಹೇಳಿದ್ದು ಹೊಸದು, ಇಬ್ಬರೂ ಸುಳ್ಳರಲ್ಲ. ಯಾವ ಮಾತೇ ಬರಲಿ, ಅದು ಯಾವಾಗಿನದು ಎಂದು ಕೇಳಬೇಕು. ಸುದ್ದಿ ತಾಸು ಹುಟ್ಟಿದ್ದು ಹೀಗೆ. ಮುಂದೆ ಬೀಳಗಿ ಕಡೆ ಡ್ಯಾಮಿನ ಹಿನ್ನೀರಿನಿಂದ ಎದ್ದುಬಂದವರ ಮಕ್ಕಳಿಗೂ ನಾಲ್ಕು ದಿನ ಪಾಠ ಮಾಡಿದ್ದೆ. ಒಬ್ಬ ಹುಡುಗಿ ನಕಾಶೆಯಲ್ಲಿ ತನ್ನ ಊರಿನ ಮೇಲೆ ಬೆರಳಿಟ್ಟು, "ಇದು ಹಳೇ ಮಾತರಿ ಅಕ್ಕೋರ, ಈಗ ಇಲ್ಲಿ ಮೀನ ಅದಾವು" ಅಂದಳು. ನಾನು ಕಣ್ಣು ಒರೆಸಿಕೊಂಡೆ, ಅವಳು ನಗುತ್ತಿದ್ದಳು.

ಎರಡನೆಯ ಪಾಠವನ್ನು ಊರೇ ಕೊಟ್ಟಿತು. ಆಗ ಪಂಚಾಯ್ತಿಯ ಸುದ್ದಿಯೆಲ್ಲ ಡಂಗುರದಲ್ಲಿ ಬರುತ್ತಿತ್ತು. ಹಲಗೆ ಬಾರಿಸುತ್ತ ಓಣಿ ಓಣಿಯಲ್ಲಿ ಸಾರುವವನು ಯಮನಪ್ಪ. ಎತ್ತರದ ಆಳು, ಗಂಟಲು ಅಂದರೆ ಗಂಟಲು. ಅವನು ಯಾವತ್ತೂ ಸುದ್ದಿಯಿಂದ ಶುರುಮಾಡುತ್ತಿರಲಿಲ್ಲ. ಮೊದಲು, "ಕೇಳ್ರೆಪ್ಪೋ ಕೇಳ್ರಿ! ಚೇರಮನ್ನರ ಅಪ್ಪಣಿ ಆಗೈತಿ!" ಆಮೇಲೆ ನೀರಿನದೋ ರೇಶನ್ನಿನದೋ ಸುದ್ದಿ. ಒಂದು ಶನಿವಾರ ಅವನನ್ನು ವರ್ಗಕ್ಕೆ ಕರೆದೆ. ಅಪ್ಪಣೆ ಯಾರದು ಅಂತ ಮೊದಲೇ ಯಾಕೆ ಹೇಳಬೇಕು ಎಂದು ಹುಡುಗರು ಕೇಳಿದರು.

"ಮಾತು ಹೊತ್ತ ತರೋನು ನಾನು, ಮಾತು ನನ್ನದಲ್ಲೋ ತಮ್ಮಾ" ಅಂದ ಯಮನಪ್ಪ. "ನಾಳಿ ಅದು ಸುಳ್ಳಾದ್ರ ಮಂದಿ ಯಾರ ಮನಿಗೆ ಹೋಗಬೇಕು? ನನ್ನ ಮನಿಗೆ ಬಂದ್ರ ನಾ ಉಳೀತೇನೇನು?"

ಹುಡುಗರಿಗೆ ಇದು ಎಷ್ಟು ಹಿಡಿಸಿತೆಂದರೆ, ಅಂದಿನಿಂದ ಯಾರು ಏನು ಹೇಳಿದರೂ "ಯಾರ ಅಪ್ಪಣಿ?" ಎಂದು ಕೇಳತೊಡಗಿದರು. ಏಳು ಎಂದರೂ ಯಾರ ಅಪ್ಪಣಿ, ಉಣ್ಣು ಎಂದರೂ ಯಾರ ಅಪ್ಪಣಿ. ತಾಯಂದಿರು ನನಗೆ ಶಾಪ ಹಾಕುತ್ತಿದ್ದರು. ನಾನು ಒಳಗೊಳಗೇ ಉಬ್ಬುತ್ತಿದ್ದೆ.

ಉಬ್ಬಿದ್ದು ಇಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಒಂದು ಸೋಮವಾರ ಶಾಲೆಗೆ ಹೋದರೆ ಒಂದು ನರಪಿಳ್ಳೆಯಿಲ್ಲ. ಗಂಟೆ ಬಾರಿಸಿದೆವು, ಯಾರೂ ಬರಲಿಲ್ಲ. ಬಸಲಿಂಗಪ್ಪ ಗುರುಗಳು ಗೋಡೆಯ ಕ್ಯಾಲೆಂಡರನ್ನು ಬಹಳ ಹೊತ್ತು ನೋಡಿ ಮೆತ್ತಗೆ ಕೇಳಿದರು, "ಅಕ್ಕೋರ, ಇವತ್ತ ಯಾರ ಜಯಂತಿ ಐತ್ರಿ?"

ಆಮೇಲೆ ತಿಳಿಯಿತು. ನನ್ನ ಮೂರನೇ ಇಯತ್ತೆಯ ಭೂಪರು ಹಿಂದಿನ ದಿನ ಎಣ್ಣೆಯ ಖಾಲಿ ಡಬ್ಬಿ ಬಡಿಯುತ್ತ ಊರೆಲ್ಲ ಸುತ್ತಿದ್ದರು. "ಕೇಳ್ರೆಪ್ಪೋ ಕೇಳ್ರಿ! ಹೆಡ್‌ಮಾಸ್ತರ ಅಪ್ಪಣಿ ಆಗೈತಿ! ಸೋಮವಾರ ಸಾಲಿ ಸೂಟಿ ಐತಿ!" ಅಪ್ಪಣೆ ಯಾರದೆಂದು ಸರಿಯಾಗಿಯೇ ಹೇಳಿದ್ದಾರೆ, ಊರು ನಂಬಿದೆ. ಎತ್ತು ಈದೈತಿ ಅಂದ್ರ ಕರಾ ಕಟ್ಟು ಅಂದ್ರಂತ, ಹಾಗೆ.

ನನಗೆ ನಗು ತಡೆಯಲಾಗಲಿಲ್ಲ. ಗುರುಗಳು ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ಸುದ್ದಿ ತಾಸಿಗೆ ನಾ ಅಡ್ಡ ಬಂದಿಲ್ಲರಿ, ಬರೂದೂ ಇಲ್ಲ. ಆದರ ಒಂದು ಕೇಳತೇನಿ. ಇಂದ ಇವರು ಊರಿಗೆ ಸುಳ್ಳು ಹೇಳಿದ್ರು. ನಾಳಿ ಊರು ಇವರ ಖರೇ ಮಾತೂ ನಂಬೂದಿಲ್ಲ. ಇವರೂ ಯಾರ ಮಾತೂ ನಂಬೂದಿಲ್ಲ. ನಂಬಬ್ಯಾಡ ಅಂತ ಕಲಿಸೂದು ಸರಳ ಐತಿ. ನಂಬೂದು ಯಾರ ಕಲಿಸ್ತಾರ್ರಿ, ಅಕ್ಕೋರ?"

ಮುಂದಿನ ಶನಿವಾರ ಸುದ್ದಿ ತಾಸಿಗೆ ಒಂದು ನೇಮ ಸೇರಿಸಿದೆ: ಅಪ್ಪಣೆ ಯಾರದೆಂದು ಕೇಳಿದರೆ ಸಾಲದು, ಅಪ್ಪಣೆ ಕೊಟ್ಟವರನ್ನೇ ಹೋಗಿ ಕೇಳಿಬರಬೇಕು. ಗುರುಗಳ ಪ್ರಶ್ನೆಗೆ ಅದು ಉತ್ತರವಲ್ಲ ಎಂದು ನನಗೂ ಗೊತ್ತಿತ್ತು. ಆ ಪ್ರಶ್ನೆ ನಾನು ಹೋದ ಶಾಲೆಗೆಲ್ಲ ನನ್ನ ಹಿಂದೆಯೇ ಬಂತು.

ಬನಹಟ್ಟಿಗೆ ವರ್ಗವಾಗಿ ತವರೂರಿಗೆ ಬಂದಾಗ ಮನೆಮನೆಗೆ ಟಿವಿ ಬಂದಿತ್ತು. ಮಗ್ಗದ ಸಪ್ಪಳದ ಮೇಲೆ ಟಿವಿಯ ಸಪ್ಪಳ, ಕಿವಿ ಗಡಚಿಕ್ಕುತ್ತಿತ್ತು. ಹಾಲಿಗೆ ಯಾವುದೋ ಪುಡಿ ಹಾಕಿ ಕುಡಿದರೆ ಹುಡುಗರು ಗಿಡದ ಹಾಗೆ ಬೆಳೆಯುತ್ತಾರೆ ಎಂದು ಒಂದು ಜಾಹೀರಾತು ಬರುತ್ತಿತ್ತು. ವರ್ಗದ ಗೋಡೆಗೆ ಎಲ್ಲರ ಎತ್ತರ ಗುರುತು ಹಾಕಿದೆವು, ಕೆಲವರು ಪುಡಿ ಕುಡಿಯುವವರು, ಕೆಲವರು ರೊಟ್ಟಿ-ಪುಂಡಿಪಲ್ಯ ತಿನ್ನುವವರು. ದೀಪಾವಳಿ ಸೂಟಿ ಮುಗಿಸಿ ಬಂದು ಅಳೆದರೆ ಎಲ್ಲರಿಗಿಂತ ಹೆಚ್ಚು ಬೆಳೆದವಳು ಹಾಲು ಅಂದರೆ ವಾಕರಿಸುವ ಒಬ್ಬ ಹುಡುಗಿ. ವರ್ಗದಲ್ಲಿ ಚಪ್ಪಾಳೆಯೇ ಚಪ್ಪಾಳೆ.

ಅದೇ ಹುಡುಗಿಯ ಅವ್ವ ಒಂದು ದಿನ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಜಗಳಕ್ಕೆ ಬಂದಳು. "ಏನ ಕಲಿಸೀರಿ ಅಕ್ಕೋರ ನೀವು? ನಮ್ಮತ್ತಿ ಟಿವ್ಯಾಗಿನ ದೇವರಿಗೆ ಕೈ ಮುಗದ್ರ, 'ಆಯಿ, ಅಂವಾ ದೇವರಲ್ಲ, ಪಗಾರ ತಗೊಂಡು ವೇಷ ಹಾಕ್ಯಾನ' ಅಂತಾಳ ಇಕಿ!"

ಸಂಜೆ ಆ ಮುದುಕಿಯ ಕಾಲಿಗೆ ಬೀಳಲೆಂದೇ ಅವರ ಮನೆಗೆ ಹೋದೆ. ಅಜ್ಜಿ ಕಂಡಿಕೆಗೆ ನೂಲು ಸುತ್ತುತ್ತ ಕೂತಿದ್ದಳು.

"ವೇಷ ಅಂತ ನನಗ ಗೊತ್ತಿಲ್ಲೇನ ತಂಗಿ? ಪಾರಿಜಾತ ಬಯಲಾಟ ನೋಡಿ ದೊಡ್ಡಾಕಿ ಆದಾಕಿ ನಾನು" ಅಂದಳು. "ಅಂವಗ ಯಾಕ ಕೈ ಮುಗೀಲಿ? ಅಂವನ್ನ ನೋಡಿ ನನ್ನ ದೇವರ ನೆನಪಾದ, ಅದಕ್ಕ ಮುಗದೆ. ಆ ಹುಡುಗಿಗೆ ಅದನ್ನೂ ಕಲಿಸು."

ಚಹಾ ಕುಡಿಸಿ ಕಳಿಸಿದಳು. ಬಸಲಿಂಗಪ್ಪ ಗುರುಗಳು ಹೊಳೆದಂಡೆಯಿಂದ ಬಂದು ಅವಳ ಬಾಯಲ್ಲಿ ಕೂತಂತೆ ಅನಿಸಿತು ನನಗೆ.

ಆಮೇಲೆ ಮುಧೋಳ ತಾಲ್ಲೂಕಿನ ತಿಮ್ಮಾಪುರದ ಹತ್ತಿರ ಕೆಲವು ವರ್ಷ. ಅಲ್ಲಿ ಮನೆಗೊಂದು ನಾಯಿ, ಎಲ್ಲ ಬೇಟೆನಾಯಿಯ ತಳಿ, ತೆಳ್ಳಗೆ, ಉದ್ದ ಮೂತಿ. ಒಂದು ಶನಿವಾರ ಪೇಪರು ತಂದಾಗ ಅದರಲ್ಲಿ ಮುಧೋಳ ನಾಯಿಯ ಮೇಲೆ ದೊಡ್ಡ ಲೇಖನ, ಅರ್ಧ ಪುಟದ ಚಿತ್ರ. ಹುಡುಗರು ಚಿತ್ರ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದರ ಹೊಟ್ಟಿ ನೋಡ್ರಿ ಅಕ್ಕೋರ, ಮೊಲದ ಹಿಂದ ಓಡಿದ್ರ ಮೊಲಾನ ನಿಂತು ಕೈ ಹಿಡದ ಕರಕೊಂಡ ಬರಬೇಕು!" ಅದು ಬೇರೆ ಯಾವುದೋ ಜಾತಿಯ ದಪ್ಪ ನಾಯಿ. ಅಚ್ಚಾದದ್ದೂ ತಪ್ಪಿರಬಹುದು ಎಂದು ಬಾಯಿಂದ ಹೇಳಿದ್ದಕ್ಕಿಂತ ಆ ಒಂದು ಹೊಟ್ಟೆ ಹೆಚ್ಚು ಕಲಿಸಿತು. ಎಲ್ಲರೂ ಸೇರಿ ಪೇಪರಿನವರಿಗೆ ಪತ್ರ ಬರೆದರು. ಕೆಲವು ದಿನಗಳ ಮೇಲೆ ಒಳಪುಟದ ಮೂಲೆಯಲ್ಲಿ ಎರಡು ಸಾಲಿನ ತಿದ್ದುಪಡಿ ಬಂತು. ಹುಡುಗರು ಕುಣಿದಾಡಿದರು. ಒಬ್ಬ ಮಾತ್ರ ಕುಣಿಯಲಿಲ್ಲ. "ತಪ್ಪು ಅಷ್ಟು ದೊಡ್ಡದು ಹಾಕಿ, ತಿದ್ದಿದ್ದು ಇಷ್ಟ ಸಣ್ಣದ್ಯಾಕ ಹಾಕ್ಯಾರ್ರಿ?" ಎಂದು ಕೇಳಿದ. ನಿಮಗೆ ಗೊತ್ತಿದ್ದರೆ ಹೇಳಿ.

ಕೊನೆಯ ವರ್ಷಗಳಲ್ಲಿ ಮತ್ತೆ ಅದೇ ಹೊಳೆದಂಡೆಯ ಊರಿಗೆ ಬಂದೆ, ಈ ಸಲ ಬಸಲಿಂಗಪ್ಪ ಗುರುಗಳ ಕುರ್ಚಿಗೆ. ಅವರು ನಿವೃತ್ತರಾಗಿ ಆ ಊರಿನಲ್ಲೇ ನೆಲೆಸಿದ್ದರು, ಸಂಜೆ-ಮುಂಜಾನೆ ಗುಡಿಯ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಯಮನಪ್ಪನ ಹಲಗೆ ಗೂಟಕ್ಕೆ ಏರಿತ್ತು. ಪಂಚಾಯ್ತಿಯ ಸುದ್ದಿ ಈಗ ಮೊಬೈಲಿನಲ್ಲಿ ಬರುತ್ತಿತ್ತು. ಯಾರ ಅಪ್ಪಣೆ ಎಂದು ಮೊದಲು ಹೇಳುವ ರಿವಾಜು ಆ ಹಲಗೆಯ ಜೊತೆಗೇ ಗೂಟಕ್ಕೆ ಏರಿತು. ಮಾತು ಯಾರದೋ, ಹೊತ್ತು ತಂದವರು ಯಾರೋ, ಕೇಳುವವರೇ ಇಲ್ಲ.

ಒಂದು ವರ್ಷ ಮಳೆಗಾಲದ ಶುರುವಿನಲ್ಲಿ ಎಲ್ಲರ ಮೊಬೈಲಿಗೂ ಒಂದು ವಿಡಿಯೋ ಬಂತು. ದೊಡ್ಡ ಡ್ಯಾಮು ಕುಸಿಯುತ್ತಿದೆ, ಹಿಂದೆ ಕನ್ನಡದಲ್ಲಿ ಒಬ್ಬ ಕಿರುಚುತ್ತಾನೆ, "ಮ್ಯಾಗಿನ ಡ್ಯಾಂ ಒಡದೈತಿ, ಓಡ್ರೆಪ್ಪೋ!" ಊರು ಬಿದ್ದಂಬೀಳ ಓಡಿತು. ಬೀರಪ್ಪ ಎಂಬ ಕುರಿಗಾರನಿದ್ದ, ಬೀರೇಶ್ವರ ದೇವರ ಒಕ್ಕಲು. ಹೊಳೆಯ ನಡುಗಡ್ಡೆಯಲ್ಲಿ ಕುರಿ ಮೇಯಿಸುತ್ತಿದ್ದವನು ಗಾಬರಿಬಿದ್ದು ಎಲ್ಲ ಕುರಿಗಳನ್ನೂ ಒಮ್ಮೆಲೇ ನೀರಿಗೆ ಹೊಡೆದ. ನೂಕುನುಗ್ಗಲಿನಲ್ಲಿ ಮರಿಗಳು ಕಾಲಡಿ ಸಿಕ್ಕು ಸತ್ತವು.

ಅವನ ಮಗಳು ಮಾಳವ್ವ ನಮ್ಮ ಶಾಲೆಯಲ್ಲಿ ನಾಲ್ಕನೇ ಇಯತ್ತೆ. ಎರಡು ಜಡೆ, ಮೂಗಿನ ಮೇಲೆ ಸಿಟ್ಟು. ಶನಿವಾರ ಆ ವಿಡಿಯೋ ಹಚ್ಚಿ ಹುಡುಗರನ್ನೆಲ್ಲ ಸುತ್ತ ಕೂರಿಸಿದೆ. ಡ್ಯಾಮಿನ ಹಿಂದಿನ ಗುಡ್ಡ ಬೆಳ್ಳಗಿತ್ತು.

"ಹತ್ತಿ ಒಣಾಕ ಹಾಕ್ಯಾರ್ರಿ" ಅಂದ ಒಬ್ಬ.

"ಗುಡ್ಡದ ತುಂಬ ಹತ್ತಿ ಯಾರ ಹಾಕ್ತಾರಲೇ? ಅದು ಬರ್ಫ" ಅಂದಳು ಮಾಳವ್ವ. ಹಿಮಕ್ಕೆ ನಮ್ಮಲ್ಲಿ ಬರ್ಫ ಅನ್ನುತ್ತಾರೆ. ಹಾಗೆಂದವಳೇ ನನ್ನ ಕಡೆ ತಿರುಗಿದಳು. "ನಮ್ಮ ಕಡೆ ಬರ್ಫ ಎಲ್ಲಿ ಬೀಳತೈತ್ರಿ ಅಕ್ಕೋರ?"

ಅವಳು ಮನೆಗೆ ಹೋಗಿ ಅಪ್ಪನಿಗೆ ಹೇಳಿದಳು. ಬೀರಪ್ಪ ಸತ್ತ ಮರಿಗಳನ್ನು ನೆನೆದು ಹಲ್ಲು ಕಚ್ಚಿ, "ಇನ್ನ ಮ್ಯಾಲ ಮೊಬೈಲ್ ಸುದ್ದಿ ನಂಬಿದ್ರ ನನ್ನ ಹೆಸರ ಬ್ಯಾರೆ ಇಡು" ಅಂದನಂತೆ. ಊರೆಲ್ಲ ನಮ್ಮ ಹುಡುಗರನ್ನು ಹೊಗಳಿತು. ಅಂದಿನಿಂದ ಯಾವ ಸುದ್ದಿ ಬಂದರೂ ಕಟ್ಟೆಯ ಮೇಲೆ ಒಂದೇ ಮಾತು, "ಹ, ಬರ್ಫ ಬಿತ್ತು ತಗೋ!" ನಾನೂ ಆ ನಗೆಯಲ್ಲಿ ಸೇರಿದ್ದೆ.

ಅದೇ ವರ್ಷ ಶ್ರಾವಣದಲ್ಲಿ ನಮ್ಮಲ್ಲಿ ಹನಿ ಮಳೆಯಿಲ್ಲ, ಬಿಸಿಲು ಚುರುಗುಟ್ಟುತ್ತಿತ್ತು. ಹೊರಗಿನವರಿಗೆ ಒಂದು ಮಾತು ಹೇಳಬೇಕು: ನಮ್ಮ ಹೊಳೆ ತುಂಬಲು ನಮ್ಮಲ್ಲಿ ಮಳೆ ಬೇಕಿಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದು, ಅಲ್ಲಿಯ ಡ್ಯಾಮಿನಿಂದ ನೀರು ಬಿಟ್ಟರೆ, ಇಲ್ಲಿ ಬಿಸಿಲಿನಲ್ಲೇ ನೆರೆ ಬರುತ್ತದೆ. ಹೊಳೆದಂಡೆಯ ಹಿರಿಯರಿಗೆಲ್ಲ ಇದು ಗೊತ್ತು. ಗೊತ್ತಿದ್ದರೂ ನೆತ್ತಿಯ ಮೇಲೆ ಸೂರ್ಯ ಉರಿಯುವಾಗ ಯಾರಿಗೂ ಹೆದರಿಕೆ ಹುಟ್ಟುವುದಿಲ್ಲ.

ಶನಿವಾರ, ಸುದ್ದಿ ತಾಸು. ನನ್ನ ಫೋನಿಗೆ ಪಂಚಾಯ್ತಿಯ ಹೆಸರಿನಲ್ಲಿ ಒಂದು ಸಂದೇಶ ಬಂತು. ಹುಡುಗರಿಗೆ ಓದಿ ಹೇಳಿದೆ. ಮೇಲಿನ ಡ್ಯಾಮುಗಳಿಂದ ಹೆಚ್ಚು ನೀರು ಬಿಟ್ಟಿದ್ದಾರೆ, ಹೊಳೆದಂಡೆಯ ಮನೆಗಳನ್ನೂ ನಡುಗಡ್ಡೆಯನ್ನೂ ಈಗಲೇ ಖಾಲಿ ಮಾಡಬೇಕು.

"ಸುಳ್ಳ್ರೀ ಅಕ್ಕೋರ!" ಇಡೀ ವರ್ಗ ಒಂದೇ ಉಸಿರಿಗೆ ಕೂಗಿತು. "ಬರ್ಫ ಬಿತ್ತು!" ಎಂದ ಒಬ್ಬ, ಎಲ್ಲರೂ ನಕ್ಕರು.

ಒಬ್ಬರೂ ಒಂದು ಪ್ರಶ್ನೆ ಕೇಳಿರಲಿಲ್ಲ. ಇಷ್ಟು ವರ್ಷ ನಾನು ಕಲಿಸಿದ್ದು ಇದೇ ಏನು? ನಂಬೂದು ಯಾರ ಕಲಿಸ್ತಾರ್ರಿ ಅಕ್ಕೋರ, ಎಂಬ ಆ ಮೆತ್ತನೆಯ ದನಿ ಹಿಂದಿನ ಬೆಂಚಿನಿಂದ ಕೇಳಿದ ಹಾಗಾಯಿತು.

"ಸುಳ್ಳಂತ ಯಾರು ಹೇಳಿದ್ರು?" ಗದರಿದೆ. "ಏನ ನೋಡಿ ಹೇಳಿದ್ರಿ?"

"ಮೊಬೈಲಿನ್ಯಾಗ ಬಂದೈತಲ್ಲರಿ..."

"ಮೊಬೈಲಿನ್ಯಾಗ ನಿಮ್ಮವ್ವನ ಫೋನೂ ಬರತೈತಿ. ಅದೂ ಸುಳ್ಳೇನ?"

ಮಾಳವ್ವ ಎದ್ದು ನಿಂತಳು. ಮುಖ ಬಿಳಿಚಿತ್ತು.

"ಅಕ್ಕೋರ, ನಮ್ಮಪ್ಪ ನಡುಗಡ್ಡ್ಯಾಗ ಅದಾನ್ರಿ. ಕುರಿ ಹೊಡಕೊಂಡು ನಿನ್ನಿನ ಹೋಗ್ಯಾನ."

"ಅಳಬ್ಯಾಡ. ಕೇಳು. ಮೊದಲ ಏನ ಕೇಳಬೇಕು?"

"ಯಾವಾಗಿನ ಮಾತು?" ಅಂದಳು. ಫೋನು ಅವಳ ಕೈಗೆ ಕೊಟ್ಟೆ. ಇವತ್ತಿನದೇ ತಾರೀಖು, ಇವತ್ತಿನದೇ ಮುಂಜಾನೆ.

"ಯಾರ ಅಪ್ಪಣ್ರಿ?"

ಪಂಚಾಯ್ತಿ ನಮ್ಮ ಶಾಲೆಯ ಪಕ್ಕದ್ದೇ. ಇಬ್ಬರು ಹುಡುಗಿಯರು ಸೆಕ್ರೆಟರಿಯನ್ನು ಕೇಳಲು ಓಡಿದರು. ಅಷ್ಟರಲ್ಲಿ ಒಬ್ಬ ಹುಡುಗ, "ನಮ್ಮ ಕಾಕಾ ಮುಂಜಾನಿನ ಹೊಳ್ಯಾಗಿನ ಪಂಪಿನ ಮೋಟಾರ ಮ್ಯಾಲ ಎಳದಾನ್ರಿ, ನೀರು ಏರಾಕತ್ತೈತಿ ಅಂದ" ಎಂದ. ಅದನ್ನು ಆಗಲೇ ಯಾಕೋ ಹೇಳಲಿಲ್ಲ ಎಂದರೆ, "ಯಾರೂ ಕೇಳಲಿಲ್ಲಲ್ಲರಿ" ಅಂದ. ಹುಡುಗಿಯರು ಏದುಸಿರು ಬಿಡುತ್ತ ವಾಪಸು ಬಂದರು. ತಹಶೀಲ್ದಾರರ ಕಚೇರಿಯಿಂದಲೇ ಅಪ್ಪಣೆ, ಸೆಕ್ರೆಟರಿ ಕಾಗದ ತೋರಿಸಿದ್ದಾರೆ, ಮನೆಮನೆಗೆ ಫೋನು ಮಾಡಿ ಅವರ ಗಂಟಲು ಕಟ್ಟಿದೆ, ಯಾರೂ ಕೇಳುತ್ತಿಲ್ಲ.

ನಮ್ಮ ಶಾಲೆ ದಿಬ್ಬದ ಮೇಲಿದೆ. ಹಿಂದಿನ ಅಂಗಳದಿಂದ ಹೊಳೆಯ ಮೆಟ್ಟಿಲು, ಕೆಳಗಿನ ಮೆಟ್ಟಿಲ ಮೇಲಿನ ಕಲ್ಲಿನ ಬಸವಣ್ಣ ಕಾಣುತ್ತದೆ. ಎಲ್ಲರೂ ಅಲ್ಲಿಗೆ ಹೋಗಿ ನಿಂತೆವು. ಮುಂಜಾನೆ ಪ್ರಾರ್ಥನೆಯ ಹೊತ್ತಿಗೆ ಬಸವಣ್ಣನ ಪೀಠ ಒಣಗಿತ್ತು. ಈಗ ಕೊರಳಿನವರೆಗೆ ಕೆಂಪು ನೀರು. ಮೇಲೆ ಸುಡುಸುಡು ಬಿಸಿಲು.

ಮಾಳವ್ವ ನನ್ನ ಫೋನಿನಿಂದಲೇ ಅಪ್ಪನಿಗೆ ಹಚ್ಚಿದಳು. ಬೀರಪ್ಪನ ದನಿ ದೊಡ್ಡದು, ನಮಗೆಲ್ಲ ಕೇಳುತ್ತಿತ್ತು.

"ನನಗೂ ಬಂದೈತಿ ಬಿಡವ್ವಾ ಆ ಸುದ್ದಿ. ಬರ್ಫ ಬಿತ್ತು ಅಂತ ನೀನ ಹೇಳಿದ್ದೆಲ್ಲ! ಈ ಕಡೆ ದಂಡಿಗೆ ಸ್ವಲ್ಪ ನೀರು ಬಂದೈತಿ, ಮಳಿಗಾಲ, ಬರತೈತಿ. ಮತ್ತ ಮರಿ ಕೊಲ್ಲಾಕ ನಾ ತಯಾರಿಲ್ಲ."

"ಅಪ್ಪಾ, ಅವತ್ತ ಸುಳ್ಳ ಅಂತ ಕೇಳೇ ಹೇಳಿದ್ದೆ. ಇವತ್ತ ಖರೆ ಅಂತ ಕೇಳೇ ಹೇಳಾಕತ್ತೇನಿ. ಸೆಕ್ರೆಟರಿನ ಕೇಳೇವಿ. ತಹಶೀಲ್ದಾರರ ಅಪ್ಪಣಿ ಐತಿ. ಬಸವಣ್ಣನ ಕೊಳ್ಳತನಕ ನೀರು ಬಂದೈತಿ, ನನ್ನ ಕಣ್ಣಲೆ ನೋಡಾಕತ್ತೇನಿ." ಅಲ್ಲಿಯವರೆಗೆ ಗಟ್ಟಿಯಾಗಿದ್ದ ದನಿ ಒಡೆಯಿತು. "ಬಾ ಅಪ್ಪಾ. ಒಮ್ಮೆಲೇ ಹೊಡಿಬ್ಯಾಡ. ಟಗರ ಮುಂದ ಬಿಡು, ಸಾವಕಾಶ ಬಾ. ಆದರ ಈಗ ಬಾ."

ಆ ಕಡೆ ಕುರಿಗಳು ಅರಚುವುದು ಕೇಳಿತು. ಆಮೇಲೆ, "ಕೇಳಿಯೇನ ಖರೇನ?" ಎಂದ ಬೀರಪ್ಪ.

"ಕೇಳೇನಿ."

"ಆತು. ಹೊಂಟೆ."

ಊರಿಗೆ ಹೇಳಬೇಕಿತ್ತು. ಯಮನಪ್ಪನ ಮನೆಗೆ ಹೋದರೆ, ಮುದುಕ ಮಾತು ಮುಗಿಯುವುದರೊಳಗೆ ಹಲಗೆ ಇಳಿಸಿ ಧೂಳು ಕೊಡವಿ, ಬೆಂಕಿಗೆ ಹಿಡಿದು ಕಾಯಿಸತೊಡಗಿದ. "ಯಾರ ಅಪ್ಪಣ್ರಿ ಅಕ್ಕೋರ?" ಅಂದ. "ತಹಶೀಲ್ದಾರರದು" ಅಂದೆ. ತಲೆಯಾಡಿಸಿದ.

ಹಲಗೆ ಕೇಳಿ ಕಟ್ಟೆಯ ಮೇಲಿನ ಗಂಡಸರು ನಕ್ಕರು. "ಬಿಸಿಲಾಗ ನೆರಿ ಎಲ್ಲಿದೋ ಯಮನ್ಯಾ? ಸಾಲಿ ಹುಡುಗರನ ಕೇಳು, ಬರ್ಫ ಅಂತಾರ!"

ನಡುವೆ ಬಸಲಿಂಗಪ್ಪ ಗುರುಗಳು ಕೂತಿದ್ದರು. ಅವರು ನಗಲಿಲ್ಲ. ಹಲಗೆಯ ಹಿಂದೆ ಬಂದಿದ್ದ ಮಾಳವ್ವನನ್ನು ಹತ್ತಿರ ಕರೆದರು.

"ಯಾರ ಅಪ್ಪಣಿ?"

"ತಹಶೀಲ್ದಾರರದು. ಕಾಗದ ನೋಡ್ಯಾರ್ರಿ ನಮ್ಮ ಹುಡುಗ್ಯಾರು."

"ನೀರು ಯಾರು ನೋಡ್ಯಾರ?"

"ನಾವ ನೋಡೇವ್ರಿ. ನೀವೂ ಬಂದು ನೋಡ್ರಿ."

ಗುರುಗಳು ಧೋತರ ಎತ್ತಿ ಕಟ್ಟಿ ಎದ್ದರು. "ಹುಡುಗರು ಕೇಳಿ ಬಂದಾರ. ನೀವು ಏನ ಕೇಳಿ ನಗಾಕತ್ತೀರಿ?" ಎಂದು ಆ ಮೆತ್ತನೆಯ ದನಿಯಲ್ಲಿ ಕೇಳಿದರು. ನಗು ನಿಂತಿತು. ಯಮನಪ್ಪನ ಹಲಗೆಯ ಹಿಂದೆ ಅವರೇ ಮೊದಲು ನಡೆದರು, ಅವರ ಹಿಂದೆ ಕಟ್ಟೆಯೆಲ್ಲ ಎದ್ದುಬಂತು.

ಬೀರಪ್ಪ ಹೊಳೆ ದಾಟುವಾಗ ನೀರು ಅವನ ಸೊಂಟಕ್ಕಿತ್ತು. ಟಗರು ಮುಂದೆ, ಹಿಂದೆ ಸಾಲಾಗಿ ಕುರಿ, ಹೆಗಲ ಮೇಲೆ ಮರಿಗಳು. ಈ ದಂಡೆಯಿಂದ ಗಂಡಸರು ಹಗ್ಗ ಹಿಡಿದು ನಿಂತಿದ್ದರು. ಮಾಳವ್ವ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆ ಒಡೆದು ರಕ್ತ ಬಂದದ್ದು ಇಬ್ಬರಿಗೂ ತಿಳಿಯಲಿಲ್ಲ. ಕೊನೆಯ ಕುರಿ ದಡ ಹತ್ತಿದ ಮೇಲೆ ಬೀರಪ್ಪ ಹತ್ತಿದ. ಮಗಳ ಎದುರು ನಿಂತು, ನೀರಿಳಿಯುವ ರುಮಾಲು ಹಿಂಡುತ್ತ, "ಏನ ಹೆಸರ ಇಡತಿ ಇಡು ಇನ್ನ" ಅಂದ. ಅವಳು ಅವನ ಒದ್ದೆ ಹೊಟ್ಟೆಗೆ ಮುಖ ಒತ್ತಿ ಗಟ್ಟಿಯಾಗಿ ಅತ್ತಳು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಹೊತ್ತು ಮುಳುಗುವ ಮೊದಲೇ ನಡುಗಡ್ಡೆ ಕಾಣದಾಯಿತು.

ಅಂದು ಸಂಜೆ ಹೊಳೆದಂಡೆಯ ಮನೆಯವರೆಲ್ಲ ನಮ್ಮ ಶಾಲೆಯಲ್ಲಿದ್ದರು. ವರ್ಗದ ಕೋಣೆಗಳಲ್ಲಿ ಗಂಟುಮೂಟೆ, ಅಂಗಳದ ತುಂಬ ಬೀರಪ್ಪನ ಕುರಿ. ನಾನು ಬಿಸಿಯೂಟದ ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟು ತಿರುವುತ್ತಿದ್ದೆ. ಬಸಲಿಂಗಪ್ಪ ಗುರುಗಳು ಗೋಡೆಗೆ ಒರಗಿ ಕೂತಿದ್ದರು. ನೀರಿನ ತಂಬಿಗೆ ಹಿಡಿದು ಓಡಾಡುತ್ತಿದ್ದ ಮಾಳವ್ವನನ್ನು ತಡೆದು ಕೇಳಿದ್ದು ನನ್ನ ಕಿವಿಗೆ ಬಿತ್ತು.

"ಏನವ್ವಾ, ಸೋಮವಾರ ಸಾಲಿ ಸೂಟಿ ಏನು?"

ಹಿಂದಿನ ಎಣ್ಣೆ ಡಬ್ಬಿಯ ಡಂಗುರ ಅವರು ಮರೆತಿರಲಿಲ್ಲ. ಶಾಲೆಯ ತುಂಬ ಮಂದಿ, ಅಂಗಳದ ತುಂಬ ಕುರಿ, ಸೂಟಿ ಎಂದು ಹೇಳಲು ಯಾರನ್ನೂ ಕೇಳಬೇಕಾಗಿರಲಿಲ್ಲ. ಮಾಳವ್ವ ಹೌದೆನ್ನಲು ಬಾಯಿ ತೆರೆದವಳು ಮುಚ್ಚಿದಳು.

"ತಡೀರಿ ಗುರುಗಳ, ಕೇಳಿ ಬರತೇನಿ" ಅಂದಳು.

ಮಲಗಿದವರ ಕಾಲು ದಾಟುತ್ತ, ಗಂಟುಗಳನ್ನು ಸುತ್ತುತ್ತ ನನ್ನ ಹತ್ತಿರ ಬಂದಳು. "ಅಕ್ಕೋರ, ಸೋಮವಾರ ಸಾಲಿ ಸೂಟಿ ಏನ್ರಿ?"

"ಹೌದವ್ವಾ, ಸೂಟಿ."

"ನಿಮ್ಮ ಅಪ್ಪಣಿ ಆತಲ್ಲರಿ?"

"ಆತು."

ಬಂದ ದಾರಿಯಲ್ಲೇ ತಿರುಗಿ ಹೋಗಿ ಗುರುಗಳ ಮುಂದೆ ನಿಂತಳು. "ಖರೆ ಐತ್ರಿ. ಕೇಳಿದೆ."

ಗುರುಗಳು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು. ಕಣ್ಣನ್ನೂ ಒರೆಸಿದರು. ಅಷ್ಟು ದೂರದಿಂದ ನನ್ನನ್ನೇ ನೋಡುತ್ತ, ಅವಳಿಗೆ ಹೇಳಿದರು.

"ಹಂಗಾದ್ರ ನಂಬತೇನವ್ವಾ."